ವಸಿಷ್ಠ ಎರಡಾಗಿ ಕಾಣುತ್ತಿಲ್ಲ, ಟೆಲಿಸ್ಕೋಪ್ ವಾಪಸ್ ಕಳಿಸಬೇಕಾ?

ಪ್ರಶ್ನೆ: ನಾವು ಹಾಸನದಲ್ಲಿದ್ದೇವೆ. 11 ವರ್ಷದ ಮಗನಿಗೆ 70 ಎಂಎಂ ಟೆಲಿಸ್ಕೋಪ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಡಬ್ಬದ ಮೇಲೆ 525 ಪಟ್ಟು ಅಂತ ಬರೆದಿದೆ. ಚಂದ್ರ ಚೆನ್ನಾಗಿ ಕಾಣುತ್ತಾನೆ. ಸಪ್ತರ್ಷಿಗಳಲ್ಲಿ ವಸಿಷ್ಠ ಜೋಡಿ ನಕ್ಷತ್ರ, ಸಣ್ಣ ಟೆಲಿಸ್ಕೋಪಿನಲ್ಲೇ ಎರಡಾಗುತ್ತದೆ ಅಂತ ಓದಿ ಕೆಲವು ರಾತ್ರಿ ತಾರಸಿಯಲ್ಲಿ ನೋಡಿದೆವು. ಕಣ್ಣಿಡುವ ಕಡೆ 20 ಎಂಎಂ ಐಪೀಸ್ ಹಾಕಿ ಹುಡುಕಿ, ಆಮೇಲೆ 4 ಎಂಎಂ ಜೊತೆಗೆ ಪಟ್ಟು ಹೆಚ್ಚಿಸುವ ಬಾರ್ಲೋ ಲೆನ್ಸ್ ಹಾಕುತ್ತೇವೆ. ಅರುಂಧತಿ ದೂರದಲ್ಲಿ ಬೇರೆಯಾಗಿ ಕಾಣುತ್ತದೆ, ಪಕ್ಕದಲ್ಲಿ ಇನ್ನೊಂದು ಮಸುಕು ಚುಕ್ಕೆಯೂ ಇದೆ. ವಸಿಷ್ಠ ಮಾತ್ರ ನಡುಗುವ ಒಂದೇ ಉಂಡೆ. ಟೆಲಿಸ್ಕೋಪ್ ಕೆಟ್ಟಿದೆಯಾ? ವಾಪಸ್ ಕಳಿಸಲು ಇನ್ನೊಂದು ವಾರ ಸಮಯವಿದೆ. ಇನ್ನೊಂದು ವಿಷಯ. 67 ವರ್ಷದ ನಮ್ಮ ಅಪ್ಪನಿಗೆ ಬರಿಗಣ್ಣಿಗೆ ಅರುಂಧತಿ ಕಾಣಲೇ ಇಲ್ಲ. ಅರುಂಧತಿ ಕಾಣದವರು ಜಾಸ್ತಿ ದಿನ ಬದುಕಲ್ಲ ಅಂತ ಅಮ್ಮ ಹೆದರಿಕೊಂಡಿದ್ದಾರೆ. ಅರುಂಧತಿ–ವಸಿಷ್ಠ ಒಂದನ್ನೊಂದು ಸುತ್ತುತ್ತವೆ, ಇದು ಋಷಿಗಳಿಗೆ ಮೊದಲೇ ಗೊತ್ತಿತ್ತು ಅಂತ ವಾಟ್ಸ್ಯಾಪ್‌ನಲ್ಲಿ ಬಂದಿತ್ತು, ಅದು ನಿಜವೇ?

ಉತ್ತರ: ಮೊದಲು ಅಮ್ಮನ ಭಯದ ಬಗ್ಗೆ ಹೇಳುತ್ತೇನೆ. ಟೆಲಿಸ್ಕೋಪ್ ಒಂದು ದಿನ ಕಾಯಬಹುದು, ಅದು ಕಾಯಬಾರದು.

ಈ ನಂಬಿಕೆ ನಿಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ, ತುಂಬಾ ಹಳೆಯದು. ಸಪ್ತರ್ಷಿಗಳ ಹತ್ತಿರ ಇರುವ ಅರುಂಧತಿ ಕಾಣದವನಿಗೆ ಒಂದು ವರ್ಷ ಅನ್ನುವ ಅರ್ಥದ ಮಾತು ಚರಕ ಸಂಹಿತೆಯಲ್ಲೇ ಇದೆ. ಆ ಕಾಲದ ಕತ್ತಲನ್ನು ನೆನೆಯಿರಿ. ಅಂಥ ಕತ್ತಲಲ್ಲಿ ಅರುಂಧತಿ ಸುಲಭವಾಗಿ ಕಾಣುವ ನಕ್ಷತ್ರ. ನಿನ್ನೆವರೆಗೆ ಕಂಡದ್ದು ಇವತ್ತು ಕಾಣದಿದ್ದರೆ ಕಣ್ಣು ಮಂಜಾಗಿದೆ, ದೇಹ ಸೋತಿದೆ ಅಂತ ಅವರು ಲೆಕ್ಕ ಹಾಕಿದ್ದರೆ ಆಶ್ಚರ್ಯವಿಲ್ಲ. ಇವತ್ತು ಅದೇ ನಕ್ಷತ್ರವನ್ನು ನಾವು ಬೀದಿದೀಪದ ಕೆಳಗೆ ನಿಂತು ಹುಡುಕುತ್ತೇವೆ. ಅರುಂಧತಿಯ ಹೊಳಪು 4ನೇ ಮಟ್ಟದ್ದು, ವಸಿಷ್ಠನದ್ದು ಸುಮಾರು 2. ಈ ಲೆಕ್ಕದಲ್ಲಿ ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂಕು. ಬೆಂಗಳೂರಿನ ಮಧ್ಯದಲ್ಲಿ ಇಪ್ಪತ್ತರ ಹುಡುಗರಿಗೂ ಅರುಂಧತಿ ಕಾಣುವುದಿಲ್ಲ, ಶಾಲೆಗಳಲ್ಲಿ ಆಕಾಶ ತೋರಿಸುವಾಗ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅದೇ ಮಕ್ಕಳನ್ನು ಊರಾಚೆ ಕರೆದುಕೊಂಡು ಹೋದರೆ ಬೆರಳು ತೋರಿಸುವ ಮೊದಲೇ ಕಂಡುಹಿಡಿಯುತ್ತಾರೆ.

ಇನ್ನು ನಿಮ್ಮ ತಂದೆಯವರ ವಯಸ್ಸು. ಎಳೆಯ ಕಣ್ಣಿನ ಪಾಪೆ ಕತ್ತಲಲ್ಲಿ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ, ವಯಸ್ಸಾದವರಲ್ಲಿ ಅಷ್ಟು ಹಿಗ್ಗುವುದಿಲ್ಲ, ಒಳಗೆ ಹೋಗುವ ಬೆಳಕೇ ಕಮ್ಮಿ. ಜೊತೆಗೆ ಪೊರೆ ಶುರುವಾಗಿದ್ದರೆ, ಇಲ್ಲವೇ ಕನ್ನಡಕದ ನಂಬರ್ ಬದಲಾಗಿದ್ದರೆ, ವಸಿಷ್ಠನ ಬೆಳಕೇ ಹರಡಿಕೊಂಡು ಪಕ್ಕದ ಅರುಂಧತಿಯನ್ನು ಮುಚ್ಚಿಬಿಡುತ್ತದೆ. ಒಂದು ಸಲ ಕನ್ನಡಕ ಹಾಕಿಸಿ, ದೀಪವಿಲ್ಲದ ಕಡೆ ಇಪ್ಪತ್ತು ನಿಮಿಷ ಸುಮ್ನೆ ಕೂರಿಸಿ, ಮೊಬೈಲ್ ನೋಡಲು ಬಿಡದೆ, ಆಮೇಲೆ ತೋರಿಸಿ. ಆಗಲೂ ಕಾಣದಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಪೊರೆ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಅರುಂಧತಿ ಕಾಣದಿರುವುದರಿಂದ ತಿಳಿಯುವುದು ಇಷ್ಟೇ, ಆಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಅಮ್ಮನಿಗೆ ಇದನ್ನು ನೀವೇ ಕೂತು ಹೇಳಿ. ಮದುವೆಯಲ್ಲಿ ಹಾಡಹಗಲೇ ಪುರೋಹಿತರು ಅರುಂಧತಿ ತೋರಿಸುತ್ತಾರೆ, ಆಗ ವಧೂವರರಿಗೂ ಕಾಣುವುದಿಲ್ಲ, ಸುತ್ತ ನಿಂತ ನೆಂಟರಿಗೂ ಕಾಣುವುದಿಲ್ಲ ಅಲ್ವಾ? ಅಮ್ಮನಿಗೆ ಸಮಾಧಾನ ಆಗಲು ಅದೊಂದು ಮಾತೇ ಸಾಕಾದೀತು.

ಈಗ ಟೆಲಿಸ್ಕೋಪ್. ನೀವು ಬರೆದದ್ದನ್ನು ನೋಡಿದರೆ ಅದು ಕೆಟ್ಟಿರುವ ಸಾಧ್ಯತೆ ಕಮ್ಮಿ. ತೊಂದರೆ ಇರುವುದು ಆ 525ರಲ್ಲಿ.

ಆ ಸಂಖ್ಯೆ ಎಲ್ಲಿಂದ ಬಂತು ನೋಡಿ. ಇಂಥ ಟೆಲಿಸ್ಕೋಪ್‌ಗಳ ಫೋಕಲ್ ಲೆಂತ್, ಅಂದರೆ ಮುಂದಿನ ಲೆನ್ಸಿನಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ, 700 ಎಂಎಂ. ಅದನ್ನು 4 ಎಂಎಂ ಐಪೀಸ್‌ನಿಂದ ಭಾಗಿಸಿದರೆ 175. ಮೂರು ಪಟ್ಟಿನ ಬಾರ್ಲೋ ಸೇರಿಸಿದರೆ 525. ಗುಣಾಕಾರ ಸರಿಯಾಗಿದೆ, ಆದರೆ 70 ಎಂಎಂ ಲೆನ್ಸಿಗೆ ಅಷ್ಟನ್ನು ಹೊರುವ ಶಕ್ತಿ ಇಲ್ಲ. ಲೆನ್ಸಿನ ಅಗಲದ ಒಂದು ಮಿಲಿಮೀಟರ್‌ಗೆ ಎರಡು ಪಟ್ಟು ಅನ್ನುವುದು ಈ ಕೆಲಸದಲ್ಲಿ ಇರುವವರೆಲ್ಲ ಬಳಸುವ ಲೆಕ್ಕ. ಅಂದರೆ ನಿಮ್ಮದಕ್ಕೆ 140, ಅದೂ ಗಾಳಿ ಅಲುಗದ ರಾತ್ರಿಯಲ್ಲಿ. ಅದನ್ನು ದಾಟಿದರೆ ಹೊಸದೇನೂ ಕಾಣುವುದಿಲ್ಲ, ಇರುವ ಮಸುಕೇ ದೊಡ್ಡದಾಗುತ್ತದೆ. 525 ಪಟ್ಟಿನಲ್ಲಿ ಐಪೀಸ್‌ನಿಂದ ಹೊರಬರುವ ಬೆಳಕಿನ ಕಟ್ಟು ಒಂದು ಮಿಲಿಮೀಟರ್‌ನ ಏಳನೇ ಒಂದು ಭಾಗಕ್ಕಿಂತಲೂ ಸಪೂರ, ನಿಮ್ಮದೇ ಕಣ್ಣೊಳಗೆ ತೇಲುವ ಕಸ ಅದರಲ್ಲಿ ಎದ್ದು ಕಾಣುತ್ತದೆ. ಟ್ರೈಪಾಡ್‌ನ ಸಣ್ಣ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಭೂಮಿ ತಿರುಗುವುದರಿಂದ ನಕ್ಷತ್ರ ಅರ್ಧ ನಿಮಿಷದಲ್ಲಿ ಕಣ್ಣಿಂದ ಆಚೆ ಜಾರುತ್ತದೆ. ಹನ್ನೊಂದು ವರ್ಷದ ಹುಡುಗನ ಮೊದಲ ರಾತ್ರಿಗಳು ಹೀಗೆ ಹಾಳಾಗುವುದು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ, ಎಷ್ಟೋ ಮಕ್ಕಳು ಇಲ್ಲೇ ಬಿಟ್ಟುಬಿಡುತ್ತಾರೆ.

ಹಾಗಾದರೆ ಎರಡು ನಕ್ಷತ್ರ ಬೇರೆಯಾಗಿ ಕಾಣುವುದು ಯಾವುದರಿಂದ? ಲೆನ್ಸಿನ ಅಗಲದಿಂದ. ನಕ್ಷತ್ರ ನಮಗೆ ಬರೀ ಒಂದು ಬಿಂದು. ಆದರೆ ಬೆಳಕು ಅಲೆ, ಲೆನ್ಸಿನ ಅಂಚಿನಲ್ಲಿ ಬಾಗುತ್ತದೆ, ಹಾಗಾಗಿ ಆ ಬಿಂದು ಸಣ್ಣ ಬಿಲ್ಲೆಯಾಗಿ ಕಾಣುತ್ತದೆ, ಸುತ್ತ ಒಂದೆರಡು ತೆಳು ಬಳೆಗಳೂ ಇರುತ್ತವೆ. ಲೆನ್ಸ್ ಅಗಲವಾದಷ್ಟೂ ಬಿಲ್ಲೆ ಸಣ್ಣದು. ಎರಡು ಬಿಲ್ಲೆಗಳು ಒಂದರ ಮೇಲೊಂದು ಬಿದ್ದರೆ ಯಾವ ಐಪೀಸ್ ಹಾಕಿದರೂ ಬಿಡಿಸಲಾಗದು. ಇದಕ್ಕೊಂದು ಸುಲಭ ಲೆಕ್ಕವಿದೆ: 116ನ್ನು ಲೆನ್ಸಿನ ಅಗಲದಿಂದ ಭಾಗಿಸಿ. ನಿಮ್ಮದಕ್ಕೆ ಸುಮಾರು 1.7 ಆರ್ಕ್‌ಸೆಕೆಂಡ್ ಬರುತ್ತದೆ, ಕಮ್ಮಿಯೆಂದರೂ ಅಷ್ಟು ಅಂತರವಿದ್ದರೆ ಮಾತ್ರ ಎರಡು ನಕ್ಷತ್ರ ಬೇರೆಯಾಗಿ ಕಾಣುತ್ತವೆ. ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್, ಎರಡು ಕಿಲೋಮೀಟರ್ ಆಚೆ ಇಟ್ಟ ಒಂದು ಸೆಂಟಿಮೀಟರ್ ಅಗಲದ ವಸ್ತು ಹೆಚ್ಚುಕಮ್ಮಿ ಅಷ್ಟೇ ಕಾಣುತ್ತದೆ. ವಸಿಷ್ಠನ ಎರಡು ನಕ್ಷತ್ರಗಳ ನಡುವೆ 14 ಆರ್ಕ್‌ಸೆಕೆಂಡ್ ಇದೆ. ಅಂದರೆ ನಿಮ್ಮ ಟೆಲಿಸ್ಕೋಪ್‌ಗೆ ಬೇಕಾದದ್ದಕ್ಕಿಂತ ಎಂಟು ಪಟ್ಟು ಜಾಗ. 20 ಎಂಎಂ ಐಪೀಸ್‌ನಲ್ಲೇ, 35 ಪಟ್ಟಿನಲ್ಲೇ ಬೇರೆಯಾಗಲೇಬೇಕು.

ಆಗುತ್ತಿಲ್ಲ ಯಾಕೆ? ಬಹುಶಃ ಆ ಐಪೀಸ್‌ನಲ್ಲಿ ನೀವು ವಸಿಷ್ಠನನ್ನು ಸರಿಯಾಗಿ ನೋಡದೆ ಮುಂದೆ ಹೋಗಿದ್ದೀರಿ, ಹುಡುಕಲು ಮಾತ್ರ ಬಳಸಿದ್ದೀರಿ. ಅದರಲ್ಲೇ ನಿಲ್ಲಿ. ಫೋಕಸ್ ಗುಂಡಿಯನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ, ಚುಕ್ಕೆ ಸಣ್ಣದಾಗುತ್ತಾ ಬರುತ್ತದೆ, ಒಂದು ಹಂತ ದಾಟಿದ ಮೇಲೆ ಮತ್ತೆ ದೊಡ್ಡದಾಗುತ್ತದೆ. ಅತಿ ಸಣ್ಣ ಆಗುವ ಜಾಗ ಯಾವುದೋ ಅದೇ ಸರಿಯಾದ ಫೋಕಸ್. ಪ್ರತಿ ಸಲ ಗುಂಡಿ ಮುಟ್ಟಿದ ಮೇಲೆ ನಡುಕ ನಿಲ್ಲುವವರೆಗೆ ಕಾಯಿರಿ. ವಸಿಷ್ಠನಿಗೆ ಅಂಟಿಕೊಂಡಂತೆ, ಆದರೆ ನಡುವೆ ಕಪ್ಪು ಸಂದು ಬಿಟ್ಟು, ಸ್ವಲ್ಪ ಮಂಕಾದ ಇನ್ನೊಂದು ಬಿಳಿ ಚುಕ್ಕೆ ಕಾಣಬೇಕು. ಮೊದಲನೆಯದರ ಹೊಳಪು 2.3, ಎರಡನೆಯದರದ್ದು ಸುಮಾರು 4, ಅರುಂಧತಿಯಷ್ಟೇ.

ತಾರಸಿಯೂ ಒಂದು ಕಾರಣ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟ್ ರಾತ್ರಿ ಹತ್ತರವರೆಗೂ ಶಾಖ ಬಿಡುತ್ತಿರುತ್ತದೆ, ಆ ಬಿಸಿಗಾಳಿ ನಿಮ್ಮ ಲೆನ್ಸಿನ ಮುಂದೆಯೇ ಏಳುತ್ತದೆ. ಅಂಗಳದ ಮಣ್ಣು, ಹುಲ್ಲು ಇರುವ ಜಾಗ ಸಿಕ್ಕರೆ ಅಲ್ಲಿಗೆ ಇಳಿಸಿ. ಪಕ್ಕದ ಮನೆಯ ತಗಡಿನ ಮಾಡು, ಅಡುಗೆಮನೆ ಹೊಗೆಗೂಡು ಇವುಗಳ ಮೇಲಿಂದ ನೋಡಬೇಡಿ. ಕೋಣೆಯಿಂದ ತಂದ ಟೆಲಿಸ್ಕೋಪನ್ನು ಅರ್ಧ ಗಂಟೆ ಹೊರಗೆ ಇಟ್ಟು ಆರಲು ಬಿಡಿ. ಹಾಸನದಿಂದ ವಸಿಷ್ಠ ಅತಿ ಎತ್ತರ ಅಂದರೆ ಉತ್ತರದಲ್ಲಿ ಸುಮಾರು 48 ಡಿಗ್ರಿಗೆ ಏರುತ್ತಾನೆ, ಮೇ ತಿಂಗಳಲ್ಲಿ ರಾತ್ರಿ ಒಂಬತ್ತು–ಹತ್ತರ ಹೊತ್ತಿಗೆ. ಆಗ ನೋಡಿ, ಕೆಳಗಿದ್ದಾಗ ಬೇಡ. ಹಲವರಿಗೆ ಗೊತ್ತಿಲ್ಲದ ಮಾತೊಂದಿದೆ: ಮಳೆ ಬಂದು ಹೋದ ಮೇಲೆ ನಕ್ಷತ್ರಗಳು ಫಳಫಳ ಮಿನುಗುವ ರಾತ್ರಿ ಜೋಡಿ ನೋಡಲು ಒಳ್ಳೆಯದಲ್ಲ. ಮಿನುಗುವುದು ಅಂದರೆ ಮೇಲೆ ಗಾಳಿ ಕದಡಿದೆ ಅಂತ. ಸ್ವಲ್ಪ ಮಬ್ಬು ಮುಸುಕಿ ನಕ್ಷತ್ರಗಳು ಸುಮ್ಮನೆ ನಿಂತಿರುವ ರಾತ್ರಿ ಎಷ್ಟೋ ಸಲ ಚೆನ್ನಾಗಿ ಬೇರೆಯಾಗುತ್ತವೆ.

ಟ್ರೈಪಾಡ್ ಕಾಲುಗಳನ್ನು ಪೂರ್ತಿ ಎಳೆಯಬೇಡಿ. ಗಿಡ್ಡ ಮಾಡಿ, ನಡುವೆ ಎರಡು ಲೀಟರ್ ನೀರಿನ ಬಾಟಲಿ ಕಟ್ಟಿ ತೂಗುಬಿಡಿ, ಮಗನನ್ನು ಸ್ಟೂಲ್ ಮೇಲೆ ಕೂರಿಸಿ. ಖರ್ಚಿಲ್ಲದ ಕೆಲಸ, ಇದರಷ್ಟು ಲಾಭ ಬೇರೆ ಯಾವುದರಿಂದಲೂ ಬರುವುದಿಲ್ಲ.

ಇಷ್ಟು ಮಾಡಿಯೂ ಬೇರೆಯಾಗದಿದ್ದರೆ ಆಗ ಉಪಕರಣವನ್ನು ಅನುಮಾನಿಸೋಣ. 10 ಎಂಎಂ ಐಪೀಸ್ ಕೊಟ್ಟಿದ್ದರೆ ಅದನ್ನು, ಇಲ್ಲದಿದ್ದರೆ 4 ಎಂಎಂ ಅನ್ನು ಬಾರ್ಲೋ ಇಲ್ಲದೆ ಹಾಕಿ, ಎತ್ತರದಲ್ಲಿರುವ ಒಂದು ಹೊಳಪು ನಕ್ಷತ್ರ ಹಿಡಿದು, ಫೋಕಸನ್ನು ಬೇಕೆಂದೇ ಸ್ವಲ್ಪ ತಪ್ಪಿಸಿ. ಬಳೆಯೊಳಗೆ ಬಳೆ ಕಾಣಬೇಕು, ದುಂಡಗೆ, ಒಂದೇ ಕೇಂದ್ರದ ಸುತ್ತ. ಫೋಕಸಿನ ಆಚೆ ಈಚೆ ಎರಡೂ ಕಡೆ ತಿರುಗಿಸಿ ನೋಡಿ. ದುಂಡಗಿದ್ದರೆ ಲೆನ್ಸ್ ಚೆನ್ನಾಗಿದೆ. ಮೊಟ್ಟೆಯಾಕಾರ ಅಥವಾ ಮೂರು ಮೂಲೆ ಕಂಡರೆ, ಇಲ್ಲವೇ ಬಾಲವೊಂದು ಚಾಚಿದ್ದರೆ, ಯಾವುದರ ತಪ್ಪು ಅಂತ ಹೀಗೆ ಹುಡುಕಿ: ನಿಮ್ಮ ತಲೆಯನ್ನು ವಾಲಿಸಿದಾಗ ಬಾಲವೂ ತಿರುಗಿದರೆ ಅದು ನಿಮ್ಮ ಕಣ್ಣಿನದು. ಐಪೀಸ್ ತಿರುಗಿಸಿದಾಗ ತಿರುಗಿದರೆ ಐಪೀಸಿನದು. ಐಪೀಸ್ ಸಿಕ್ಕಿಸುವ ಓರೆ ಕೊಳವೆಯ ಜೊತೆ ತಿರುಗಿದರೆ ಒಳಗಿನ ಕನ್ನಡಿ ಅಥವಾ ಪ್ರಿಸಂನದು, ಅಗ್ಗದ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಕಳಪೆ ಇರುವುದು ಅದೇ, ಅದೊಂದನ್ನೇ ಬದಲಾಯಿಸಬಹುದು. ಯಾವುದಕ್ಕೂ ಜಗ್ಗದೆ ಹಾಗೇ ಇದ್ದರೆ ಲೆನ್ಸ್ ಕೂರಿಸಿದ್ದರಲ್ಲೇ ದೋಷ. ಆಗ ಯೋಚನೆ ಮಾಡದೆ ವಾಪಸ್ ಕಳಿಸಿ. ಲೆನ್ಸನ್ನು ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ, ಬಿಚ್ಚಿದರೆ ವಾಪಸ್ ತಗೊಳ್ಳುವುದಿಲ್ಲ.

ನೀವು ಕಂಡ ಆ ಮಸುಕು ಚುಕ್ಕೆಗೂ ಒಂದು ಕಥೆಯಿದೆ. 1722ರಲ್ಲಿ ಜರ್ಮನಿಯ ಪ್ರಾಧ್ಯಾಪಕ ಲೀಬ್‌ಕ್ನೆಕ್ಟ್ ಅದನ್ನು ನೋಡಿ ಹೊಸ ಗ್ರಹ ಅಂದುಕೊಂಡು, ತನ್ನ ದೊರೆ ಲುಡ್‌ವಿಗ್‌ನ ಹೆಸರಿಟ್ಟುಬಿಟ್ಟ. ಅದು ಗ್ರಹವಲ್ಲ, ವಸಿಷ್ಠನ ಸಂಸಾರಕ್ಕೆ ಸೇರಿದ್ದೂ ಅಲ್ಲ. ತುಂಬಾ ಹಿಂದೆ, ಅದೇ ದಿಕ್ಕಿನಲ್ಲಿ ಸುಮ್ನೆ ಇರುವ ನಕ್ಷತ್ರ. ಅಷ್ಟು ಮಂಕಾದದ್ದು ನಿಮಗೆ ಕಂಡಿದೆ ಅನ್ನುವುದು ಲೆನ್ಸಿನ ಪರವಾಗಿ ಒಳ್ಳೆಯ ಸಾಕ್ಷಿ.

ವಾಟ್ಸ್ಯಾಪ್ ಸಂದೇಶವನ್ನು ಈ ಚುಕ್ಕೆಯಿಂದಲೇ ಅಳೆಯಬಹುದು. ಆಕಾಶದಲ್ಲಿ ಎರಡು ಪಕ್ಕಪಕ್ಕ ಕಾಣುವುದು ಬೇರೆ, ನಿಜವಾಗಿ ಜೊತೆಯಲ್ಲಿರುವುದು ಬೇರೆ. ವಸಿಷ್ಠ ಮತ್ತು ಅರುಂಧತಿ ಎರಡೂ ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿವೆ, ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ ಸಾಗುತ್ತಿವೆ. ಇವೆರಡೇ ಅಲ್ಲ, ಸಪ್ತರ್ಷಿಗಳಲ್ಲಿ ಕ್ರತು ಮತ್ತು ಮರೀಚಿ ಬಿಟ್ಟು ಉಳಿದ ಐವರೂ ಒಟ್ಟಿಗೇ ಹುಟ್ಟಿ ಒಟ್ಟಿಗೇ ಸಾಗುತ್ತಿರುವ ಗುಂಪು. ಆದರೆ ವಸಿಷ್ಠ–ಅರುಂಧತಿ ನಡುವೆ ಕಮ್ಮಿಯೆಂದರೂ ಕಾಲು ಜ್ಯೋತಿರ್ವರ್ಷದ ಅಂತರ. ಗುರುತ್ವದಿಂದ ಅವು ಕಟ್ಟಿಕೊಂಡಿವೆಯೋ ಇಲ್ಲವೋ ಅಂತ ಖಗೋಳಜ್ಞರು ಈಗಲೂ ಚರ್ಚೆ ಮಾಡುತ್ತಾರೆ. ಕಟ್ಟಿಕೊಂಡಿದ್ದರೂ ಒಂದು ಸುತ್ತಿಗೆ ಲಕ್ಷಾಂತರ ವರ್ಷ ಬೇಕು, ಯಾವ ಕಾಲದ ಯಾವ ಮನುಷ್ಯನೂ ಆ ಚಲನೆಯನ್ನು ಕಣ್ಣಿಂದ ನೋಡಿ ತಿಳಿಯಲಾರ. ಬೇರೆ ಜೋಡಿಗಳಲ್ಲಿ ಒಂದು ನಿಂತಿರುತ್ತದೆ, ಇನ್ನೊಂದು ಸುತ್ತುತ್ತದೆ, ಈ ಜೋಡಿಯಲ್ಲಿ ಮಾತ್ರ ಎರಡೂ ಸುತ್ತುತ್ತವೆ ಅಂತಲೂ ಆ ಸಂದೇಶಗಳಲ್ಲಿ ಬರುತ್ತದೆ. ಅದು ಪೂರ್ತಿ ಸುಳ್ಳು. ಎಲ್ಲ ಜೋಡಿಗಳಲ್ಲೂ ಎರಡೂ ನಕ್ಷತ್ರಗಳು ನಡುವಿನ ಒಂದು ಬಿಂದುವನ್ನು ಸುತ್ತುತ್ತವೆ.

ನಮ್ಮ ಹಿರಿಯರಿಗೆ ನಿಜವಾಗಿ ಗೊತ್ತಿದ್ದದ್ದು ಇನ್ನೊಂದು, ಅದನ್ನು ನಾನು ತುಂಬಾ ಗೌರವಿಸುತ್ತೇನೆ. ಮಂಕು ನಕ್ಷತ್ರ ತೋರಿಸಬೇಕಾದರೆ ಮೊದಲು ಪಕ್ಕದ ದೊಡ್ಡದನ್ನು ತೋರಿಸು, ಅಲ್ಲಿಂದ ಸಣ್ಣದಕ್ಕೆ ಕಣ್ಣು ಸರಿಸು. ಅರುಂಧತೀ ನ್ಯಾಯ ಅಂತ ಕೇಳಿರುತ್ತೀರಿ. ಇವತ್ತಿಗೂ ಟೆಲಿಸ್ಕೋಪಿನ ಮೇಲಿರುವ ಸಣ್ಣ ಫೈಂಡರ್‌ನಲ್ಲಿ ನಕ್ಷತ್ರ ಹುಡುಕುವ ಕ್ರಮ ಇದೇ, ಮಗನಿಗೆ ಇದನ್ನೇ ಕಲಿಸಿ.

ವಸಿಷ್ಠನ ಒಳಗಿನ ಜೋಡಿಯ ವಿಷಯ ಮಾತ್ರ ಗಟ್ಟಿ. ಅದನ್ನು ಟೆಲಿಸ್ಕೋಪಿನಲ್ಲಿ ಮೊದಲು ಕಂಡವರು ಗೆಲಿಲಿಯೋನ ಶಿಷ್ಯ ಕಾಸ್ಟೆಲ್ಲಿ ಮತ್ತು 1617ರಲ್ಲಿ ಸ್ವತಃ ಗೆಲಿಲಿಯೋ. ನಂತರ 1889ರಲ್ಲಿ ಹಾರ್ವರ್ಡ್‌ನಲ್ಲಿ ಖಗೋಳಜ್ಞ ಪಿಕರಿಂಗ್, ಆ ಎರಡರಲ್ಲಿ ಹೊಳಪು ಜಾಸ್ತಿ ಇರುವುದೇ ಮತ್ತೆ ಎರಡು ನಕ್ಷತ್ರ ಅಂತ ಬೆಳಕಿನ ರೋಹಿತದಿಂದ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿ, ಗುರುತಿಸಿದರು. ಅವು 20 ದಿನ ಚಿಲ್ಲರೆಗೆ ಒಂದು ಸುತ್ತು ಹಾಕುತ್ತವೆ. ಮಂಕಾದದ್ದೂ ಜೋಡಿಯೇ. 2009ರಲ್ಲಿ ಅರುಂಧತಿಗೂ ಒಂದು ಸಣ್ಣ ಕೆಂಪು ಸಂಗಾತಿ ಸಿಕ್ಕಿತು. ಬರಿಗಣ್ಣಿಗೆ ಎರಡು, ನಿಮ್ಮ ಟೆಲಿಸ್ಕೋಪಿಗೆ ಮೂರು, ಲೆಕ್ಕಕ್ಕೆ ಆರು.

ವಸಿಷ್ಠ ಆದ ಮೇಲೆ ಏನು ನೋಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಟೆಲಿಸ್ಕೋಪ್ ಇಟ್ಟುಕೊಳ್ಳುವುದು ಬಿಡುವುದು ಇದರ ಮೇಲೇ ನಿಂತಿದೆ. 70 ಪಟ್ಟಿನಲ್ಲಿ, ಅಂದರೆ 10 ಎಂಎಂ ಐಪೀಸ್‌ನಲ್ಲಿ, ಪುನರ್ವಸುವಿನ ಎರಡು ನಕ್ಷತ್ರಗಳಲ್ಲಿ ಉತ್ತರದ ಕಡೆಯದ್ದನ್ನು ಹಿಡಿಯಿರಿ. ಅದು ಕ್ಯಾಸ್ಟರ್. ಐದಾರು ಆರ್ಕ್‌ಸೆಕೆಂಡ್ ಅಂತರದಲ್ಲಿ ಎರಡು ಬಿಳಿ ಚುಕ್ಕೆ. ಸುಮಾರು 450 ವರ್ಷಕ್ಕೊಂದು ಸುತ್ತು. ಖಗೋಳಜ್ಞ ಹರ್ಷೆಲ್ ಇಂಥ ಜೋಡಿಗಳನ್ನು ವರ್ಷಗಟ್ಟಲೆ ಅಳೆದು, 1803ರಲ್ಲಿ, ಅವು ನಿಜವಾಗಿ ಒಂದನ್ನೊಂದು ಸುತ್ತುತ್ತಿವೆ ಅಂತ ತೋರಿಸಿದ. ಸೌರವ್ಯೂಹದ ಆಚೆಗೂ ಗುರುತ್ವ ಹೀಗೇ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಮೊದಲ ಪುರಾವೆ ಸಿಕ್ಕಿದ್ದು ಅಲ್ಲಿಂದ.

ಆಮೇಲೆ ಪೊರಿಮಾ. ಕನ್ಯಾ ರಾಶಿಯಲ್ಲಿ ಚಿತ್ತಾ ನಕ್ಷತ್ರದಿಂದ ವಾಯವ್ಯಕ್ಕೆ ಸುಮಾರು 15 ಡಿಗ್ರಿ. ಒಂದೇ ಹೊಳಪಿನ ಎರಡು ನಕ್ಷತ್ರ, 169 ವರ್ಷಕ್ಕೊಂದು ಸುತ್ತು. 2005ರಲ್ಲಿ ಇವು ಎಷ್ಟು ಹತ್ತಿರ ಬಂದಿದ್ದವೆಂದರೆ ಅಂತರ ಅರ್ಧ ಆರ್ಕ್‌ಸೆಕೆಂಡ್‌ಗಿಂತ ಕಮ್ಮಿ, ಸಣ್ಣ ಟೆಲಿಸ್ಕೋಪ್‌ಗಳಲ್ಲಿ ಒಂದೇ ಆಗಿ ಕಾಣುತ್ತಿತ್ತು. ಈಗ 3 ದಾಟಿದೆ, ನಿಮ್ಮ 70 ಎಂಎಂಗೆ ಎಟಕುತ್ತದೆ. ನಿಮ್ಮ ಮಗ ವರ್ಷಕ್ಕೊಂದು ಸಲ ಒಂದು ವೃತ್ತ ಬರೆದು ಅದರೊಳಗೆ ಎರಡು ಚುಕ್ಕೆ ಇಟ್ಟು ತಾರೀಖು ಹಾಕುತ್ತಾ ಹೋದರೆ, ನಕ್ಷತ್ರಗಳು ಸರಿಯುವುದನ್ನು ತನ್ನದೇ ಪುಸ್ತಕದಲ್ಲಿ ನೋಡುತ್ತಾನೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಜೋಡಿ ಇದು.

ದಕ್ಷಿಣದಲ್ಲಿ ಕಿನ್ನರ ನಕ್ಷತ್ರಪುಂಜದ ಆಲ್ಫಾ (ಆಲ್ಫಾ ಸೆಂಟಾರಿ) ನಮಗೆ ಸಿಗುವ ಭಾಗ್ಯ, ಯುರೋಪಿನವರಿಗೆ ಅದು ಕಾಣುವುದೇ ಇಲ್ಲ. ಅದು ಜೋಡಿ ಅಂತ ಮೊದಲು ಕಂಡದ್ದು ನಮ್ಮ ಪಕ್ಕದ ಪಾಂಡಿಚೇರಿಯಿಂದ, 1689ರ ಡಿಸೆಂಬರ್‌ನಲ್ಲಿ, ಧೂಮಕೇತು ನೋಡುತ್ತಿದ್ದ ರಿಶೋ ಎಂಬ ಫ್ರೆಂಚ್ ಪಾದ್ರಿ. ಹಾಸನದಲ್ಲಿ ಅದು 16 ಡಿಗ್ರಿಗಿಂತ ಮೇಲೆ ಏರುವುದಿಲ್ಲ, ದಪ್ಪ ಗಾಳಿಯ ಮೂಲಕ ನೋಡಬೇಕು, ಹಾಗಾಗಿ ಕುದಿಯುತ್ತಿರುವಂತೆ, ಅಂಚಿನಲ್ಲಿ ಬಣ್ಣ ಬಣ್ಣವಾಗಿ ಕಾಣುತ್ತದೆ. ದಕ್ಷಿಣಕ್ಕೆ ನೇರ ಬಂದಾಗ ಪ್ರಯತ್ನಿಸಿ.

ಅಂತರ ಜಾಸ್ತಿ ಇದ್ದರೆ ಸಾಕು ಅಂದುಕೊಳ್ಳಬೇಡಿ. ಲುಬ್ಧಕನ (ಸಿರಿಯಸ್) ಜೊತೆಗಾರ ಈಗ 11 ಆರ್ಕ್‌ಸೆಕೆಂಡ್‌ನಷ್ಟು ದೂರವಿದ್ದರೂ ಸುಮಾರು ಹತ್ತು ಸಾವಿರ ಪಟ್ಟು ಮಂಕು, ಬೆಳಕಿನಲ್ಲೇ ಮುಳುಗಿಹೋಗುತ್ತದೆ. ನಿಮ್ಮ ಟೆಲಿಸ್ಕೋಪಿಗೆ ಆಗದು. ಧ್ರುವದ ಜೊತೆಗಾರನೂ ಹಾಸನದಿಂದ ಕಷ್ಟ, ಅದು ದಿಗಂತದಿಂದ 13 ಡಿಗ್ರಿ ಮೇಲಷ್ಟೇ ಇದೆ.

ಕೊನೆಗೆ, ಏನು ಮಾಡಬಹುದು? ಬಳೆಗಳು ದುಂಡಗಿದ್ದರೆ ಇಟ್ಟುಕೊಳ್ಳಿ, ಬಾರ್ಲೋವನ್ನು ಡಬ್ಬದಲ್ಲೇ ಬಿಡಿ, 10 ಎಂಎಂ ಇಲ್ಲದಿದ್ದರೆ ಪ್ಲೋಸಲ್ ಮಾದರಿಯ ಒಳ್ಳೆಯ ಐಪೀಸ್ ಒಂದನ್ನು ಕೊಳ್ಳಿ. ತಗೊಳ್ಳುವ ಮೊದಲು ಐಪೀಸ್ ಸಿಕ್ಕಿಸುವ ಕೊಳವೆಯ ಅಳತೆ ಒಂದೂಕಾಲು ಇಂಚೇ ಅಂತ ನೋಡಿಕೊಳ್ಳಿ. ದೊಡ್ಡದಕ್ಕೆ ಹೋಗಬೇಕೆಂದರೆ 130 ಎಂಎಂ ಕನ್ನಡಿಯ ಟೆಲಿಸ್ಕೋಪ್ ಒಳ್ಳೆಯದು, ಆದರೆ ಕನ್ನಡಿಗಳನ್ನು ಆಗಾಗ ನೀವೇ ಒಂದೇ ಸಾಲಿಗೆ ಬರುವಂತೆ ಹೊಂದಿಸಿಕೊಳ್ಳಬೇಕು, ಅದು ತಪ್ಪಿದ್ದರೆ ಜೋಡಿ ನಕ್ಷತ್ರಗಳೇ ಮೊದಲು ಕೆಡುವುದು. ಗಿಡ್ಡ ಕೊಳವೆಯ 114 ಎಂಎಂಗೆ 1000 ಎಂಎಂ ಫೋಕಲ್ ಲೆಂತ್ ಅಂತ ಬರೆದಿದ್ದರೆ ಬಿಡಿ, ಅದರಲ್ಲಿ ಒಳಗೇ ಒಂದು ಬಾರ್ಲೋ ಕೂರಿಸಿರುತ್ತಾರೆ. ನಾನಾದರೆ ಒಂದು ವರ್ಷ ಈ 70 ಎಂಎಂನಲ್ಲೇ ನೋಡಲು ಹೇಳುತ್ತೇನೆ.

ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಇಂಥ ಕಿಟ್‌ಗಳ ಜೊತೆ ಐಪೀಸ್‌ಗೆ ಸಿಕ್ಕಿಸುವ ಸಣ್ಣ ಕಪ್ಪು ಗಾಜು ಬರುವುದುಂಟು, ಮೇಲೆ ಸೂರ್ಯನಿಗೆ ಅಂತ ಬರೆದಿರುತ್ತದೆ. ಅದಿದ್ದರೆ ಒಡೆದು ಎಸೆಯಿರಿ. ಲೆನ್ಸ್ ಒಟ್ಟುಮಾಡಿದ ಬಿಸಿಲು ಬೀಳುವುದು ಸರಿಯಾಗಿ ಅದರ ಮೇಲೆ. ಬಿಸಿಗೆ ಅದು ಬಿರುಕು ಬಿಟ್ಟ ಕ್ಷಣದಲ್ಲಿ ಕಣ್ಣು ಅಲ್ಲಿದ್ದರೆ ದೃಷ್ಟಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಹಗಲಲ್ಲಿ ಟೆಲಿಸ್ಕೋಪನ್ನು ಮಗನ ಕೈಗೆ ಸಿಗದ ಜಾಗದಲ್ಲಿ ಇಡಿ.